ಮೂರು ಸಲ ಕಿತ್ತು ಹಾಕಿದ್ರೂ ಏಳದ ಡೇಟಾಬೇಸ್

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಜಾಡು ಹಿಡ್ದಿವೆ. ಡೇಟಾಬೇಸ್ ಏನೋ ತರಲೆ ಮಾಡ್ತು, ತೆಗ್ದು ಮತ್ತೆ ಹಾಕಿದೆ, ಈಗ ಏಳೋದೇ ಇಲ್ಲ. ಅದಕ್ಕೆ ಬೇರೆ ವಿಷಯ ಎಲ್ಲ ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಸಾರ್ ನಮಸ್ಕಾರ, ನನ್ನ ವಿಂಡೋಸ್ ಲ್ಯಾಪ್‌ಟಾಪಲ್ಲಿ ಮೈಎಸ್‌ಕ್ಯೂಎಲ್ 8.0 ಡೇಟಾಬೇಸ್ ಇತ್ತು, ಚೆನ್ನಾಗೇ ನಡೀತಿತ್ತು, ರೂಟ್ ಅನ್ನೋ ಮುಖ್ಯ ಯೂಸರ್ ಪಾಸ್‌ವರ್ಡ್ ಮರ್ತೋಯ್ತು ಅಂತ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ, ಈಗ ಇನ್‌ಸ್ಟಾಲರ್ ಸರ್ವರ್ ಸ್ಟಾರ್ಟ್ ಮಾಡೋ ಹಂತಕ್ಕೆ ಬಂದು ತಿರುಗಿ ತಿರುಗಿ ಕೊನೆಗೆ ಕೆಂಪು ಗುರುತು ತೋರಿಸ್ತಿದೆ, ಸರ್ವಿಸಸ್‌ಗೆ ಹೋಗಿ ನಾನೇ ಸ್ಟಾರ್ಟ್ ಒತ್ತಿದ್ರೆ ಎರರ್ 1067 ಅಂತೆ. ಮೂರು ಸಲ ತೆಗ್ದು ಮೂರು ಸಲ ಹಾಕಿದೀನಿ. ನಾಲ್ಕು ತಿಂಗಳ ಪ್ರಾಜೆಕ್ಟ್ ಡೇಟಾ ಅದ್ರಲ್ಲಿತ್ತು, ಬ್ಯಾಕಪ್ ಇಲ್ಲ. ವಿಂಡೋಸ್ ಫಾರ್ಮ್ಯಾಟ್ ಮಾಡ್ಬಿಡ್ಲಾ?

ಉತ್ತರ: ಬೇಡ! ಫಾರ್ಮ್ಯಾಟೂ ಬೇಡ, ನಾಲ್ಕನೇ ಸಲ ಅನ್‌ಇನ್‌ಸ್ಟಾಲೂ ಬೇಡ. ಮೌಸ್ ಬಿಟ್ಟು ಒಂದು ನಿಮಿಷ ಓದಿ. ನಿಮ್ಮ ಡೇಟಾ ಬಹುಶಃ ಇದ್ದ ಕಡೆಯೇ ಇದೆ, ಇನ್ನು ಮುಂದೆ ನೀವು ಏನು ಮಾಡ್ತೀರೋ ಅದ್ರ ಮೇಲೆ ಅದು ಉಳಿಯೋದು ನಿಂತಿದೆ.

ವಿಷಯ ಏನಂದ್ರೆ ಡೇಟಾಬೇಸ್ ಅನ್ನೋದು ಎರಡು ಭಾಗ, ಪ್ರೋಗ್ರಾಂ ಒಂದು ಕಡೆ, ಡೇಟಾ ಇನ್ನೊಂದು ಕಡೆ. ಪ್ರೋಗ್ರಾಂ ಇರೋದು ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಒಳಗೆ. ಡೇಟಾ ಇರೋದು ಅದೇ ಡ್ರೈವಿನ ಪ್ರೋಗ್ರಾಂಡೇಟಾ ಅನ್ನೋ ಫೋಲ್ಡರ್ ಒಳಗೆ ಮೈಎಸ್‌ಕ್ಯೂಎಲ್, ಅದರೊಳಗೆ ಮೈಎಸ್‌ಕ್ಯೂಎಲ್ ಸರ್ವರ್ 8.0, ಅದರೊಳಗೆ ಡೇಟಾ. ಪ್ರೋಗ್ರಾಂಡೇಟಾ ಅನ್ನೋದು ಹಿಡನ್ ಫೋಲ್ಡರ್, ವ್ಯೂಗೆ ಹೋಗಿ ಹಿಡನ್ ಐಟಮ್ಸ್ ಟಿಕ್ ಮಾಡೋ ತನಕ ಕಣ್ಣಿಗೇ ಬೀಳಲ್ಲ. ಅನ್‌ಇನ್‌ಸ್ಟಾಲ್ ಮಾಡ್ದಾಗ ಹೋಗೋದು ಪ್ರೋಗ್ರಾಂ ಮಾತ್ರ, ಡೇಟಾ ಫೋಲ್ಡರನ್ನೂ ತೆಗೀಲಾ ಅಂತ ಕೇಳ್ದಾಗ ನೀವು ಹೂಂ ಅನ್ನದೇ ಇದ್ರೆ ಅದನ್ನ ಯಾರೂ ಮುಟ್ಟಿರಲ್ಲ. ಬಾಡಿಗೆದಾರ ಮನೆ ಬಿಟ್ಟು ಹೋದ, ಸಾಮಾನೆಲ್ಲ ಅಲ್ಲೇ ಇದೆ, ಮೇಲಿಂದ ಹೊಸಬ ಬಂದು ಬಾಗಿಲು ತೆಗೀತಿದಾನೆ, ಹಂಗಾಗಿದೆ ನಿಮ್ಮ ಕಥೆ. ಮೂರಲ್ಲ, ಮೂವತ್ತು ಸಲ ಹಾಕಿದ್ರೂ ಅದೇ ಹಳೇ ಡೇಟಾ, ಅದೇ ಹಳೇ ಮೈ.ಐಎನ್ಐ ಅನ್ನೋ ಸೆಟ್ಟಿಂಗ್ ಫೈಲು ಎದುರಿಗೆ ಬರತ್ತೆ, ಅದೇ ಜಾಗದಲ್ಲಿ ಬೀಳತ್ತೆ.

ಮೊದಲನೇ ಕೆಲಸ, ಸರ್ವಿಸ್ ನಿಂತಿದೆ ಅಂತ ಖಾತ್ರಿ ಮಾಡ್ಕೊಂಡು ಆ ಡೇಟಾ ಫೋಲ್ಡರನ್ನ ಇಡಿಯಾಗಿ ಬೇರೆ ಡ್ರೈವಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿ. ಇಡಿಯಾಗಿ ಅಂದ್ರೆ ಇಡಿಯಾಗಿ. ನಿಮ್ಮ ಡೇಟಾಬೇಸಿನ ಹೆಸರಿನ ಸಬ್‌ಫೋಲ್ಡರ್ ಒಂದನ್ನೇ ಎತ್ಕೊಂಡು ಸಾಕು ಅಂದ್ಕೋಬೇಡಿ, ಅದರಲ್ಲಿರೋ ಐಬಿಡಿ ಫೈಲುಗಳಲ್ಲಿ ಟೇಬಲ್ ಇರೋದು ನಿಜ, ಆದ್ರೆ ಯಾವ ಟೇಬಲ್ ಯಾವುದು ಅನ್ನೋ ಲೆಕ್ಕ ಎಲ್ಲ ಹೊರಗಡೆ ಇರೋ ಮೈಎಸ್‌ಕ್ಯೂಎಲ್.ಐಬಿಡಿ, ಐಬಿಡೇಟಾ1 ಮತ್ತೆ ಬದಲಾವಣೆಗಳನ್ನ ಬರೆದಿಡೋ ರೀಡೂ, ಅಂಡೂ ಫೈಲುಗಳಲ್ಲಿ ಇರತ್ತೆ. ನಾನು ಕಲಿಯೋ ಕಾಲದಲ್ಲಿ ಒಂದ್ಸಲ ಈ ಐಬಿಡೇಟಾ1 ಏನಪ್ಪಾ ಇಷ್ಟು ದೊಡ್ಡದಿದೆ, ಕಸ ಇರ್ಬೇಕು ಅಂತ ಅಳಿಸ್ಬಿಟ್ಟಿದ್ದೆ. ಸರ್ವಿಸ್ ಏನೋ ಮಾರನೇ ದಿನ ಎದ್ದಿತು, ಟೇಬಲ್ಲುಗಳ ಹೆಸರೂ ಕಾಣಿಸ್ತಿತ್ತು, ಒಂದನ್ನೂ ತೆರೆಯೋಕಾಗ್ಲಿಲ್ಲ.

ಕಾಪಿ ಆಯ್ತಾ, ಈಗ ಲಾಗ್ ನೋಡಿ. ಎರರ್ 1067 ಅನ್ನೋದು ವಿಂಡೋಸಿನ ಮಾತು, ಪ್ರೋಸೆಸ್ ಇದ್ದಕ್ಕಿದ್ದಂಗೆ ಸತ್ತೋಯ್ತು ಅಂತಷ್ಟೇ ಅದಕ್ಕೆ ಗೊತ್ತು, ಯಾಕೆ ಸತ್ತಿತು ಅಂತ ಬರೆದಿಟ್ಟು ಹೋಗಿರೋದು ಮೈಎಸ್‌ಕ್ಯೂಎಲ್ಲೇ. ಅದೇ ಡೇಟಾ ಫೋಲ್ಡರಲ್ಲಿ ನಿಮ್ಮ ಕಂಪ್ಯೂಟರ್ ಹೆಸರಿನ ಮುಂದೆ ಡಾಟ್ ಇಆರ್‌ಆರ್ ಅಂತ ಒಂದು ಫೈಲ್ ಇರತ್ತೆ, ನೋಟ್‌ಪ್ಯಾಡಲ್ಲಿ ತೆಗೀರಿ, ಕೊನೆಗೆ ಹೋಗಿ. ಕಟ್ಟಕಡೇ ಸಾಲುಗಳಲ್ಲಿ ಎಂವೈ-010119, ಅಬಾರ್ಟಿಂಗ್ ಅಂತ ಇರತ್ತೆ, ಎಲ್ಲರೂ ಅದನ್ನೇ ಹಿಡ್ಕೊಂಡು ಹುಡುಕ್ತಾರೆ. ಅದು ಕಾರಣ ಅಲ್ಲ, ಅದು ಬರೀ ಸಾವಿನ ಸುದ್ದಿ. ಅಲ್ಲಿಂದ ಮೇಲಕ್ಕೆ ಹೋಗ್ತಾ ಸ್ಟಾರ್ಟಿಂಗ್ ಆ್ಯಸ್ ಪ್ರೋಸೆಸ್ ಅನ್ನೋ ಸಾಲು ಸಿಗೋ ತನಕ ಹೋಗಿ, ಆ ಸಾಲಿನ ಕೆಳಗೆ ಎರರ್ ಅಂತ ಮೊಟ್ಟಮೊದಲು ಯಾವುದು ಬಂದಿದೆಯೋ ಅದು ಕಾರಣ. ಲಾಗೇ ಬರೆದಿಲ್ಲ ಅಂದ್ರೆ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಪ್ರೋಗ್ರಾಂ ಇರೋ ಬಿನ್ ಫೋಲ್ಡರಿಗೆ ಹೋಗಿ ಮೈಎಸ್‌ಕ್ಯೂಎಲ್‌ಡಿ ಅನ್ನೋ ಸರ್ವರ್ ಪ್ರೋಗ್ರಾಮನ್ನ ಡಿಫಾಲ್ಟ್ಸ್-ಫೈಲ್ ಆಪ್ಷನ್ನಲ್ಲಿ ಮೈ.ಐಎನ್ಐ ದಾರಿ ಕೊಟ್ಟು ಅದ್ರ ಮುಂದೆ ಕನ್ಸೋಲ್ ಆಪ್ಷನ್ ಹಾಕಿ ಓಡಿಸಿ, ಬೈಗುಳ ಎಲ್ಲ ಸ್ಕ್ರೀನ್ ಮೇಲೇ ಬರತ್ತೆ.

ಅಲ್ಲಿ ಏನು ಸಿಗ್ಬಹುದು ಅಂದ್ರೆ, ಪೋರ್ಟ್ 3306 ಬೇರೆ ಯಾರೋ ಹಿಡ್ಕೊಂಡಿದಾರೆ ಅಂತ ಇರ್ಬಹುದು, ಕ್ಸ್ಯಾಂಪ್ ಅನ್ನೋ ವೆಬ್ ಸರ್ವರ್ ಕಟ್ಟು ಹಾಕಿರೋರಿಗೆ ಇದು ಮಾಮೂಲು, ಅದರೊಳಗೆ ಮೈಎಸ್‌ಕ್ಯೂಎಲ್‌ನ ಕವಲಾದ ಮರಿಯಾಡಿಬಿ ಡೇಟಾಬೇಸ್ ಮೊದಲೇ ಓಡ್ತಿರತ್ತೆ. ನೆಟ್‌ಸ್ಟಾಟ್‌ಗೆ ಎ ಎನ್ ಒ ಹಾಕಿ 3306 ಇರೋ ಸಾಲು ಹುಡ್ಕಿದ್ರೆ ಕೊನೇ ಕಾಲಮಿನಲ್ಲಿ ಪ್ರೋಸೆಸ್ ನಂಬರ್ ಸಿಗತ್ತೆ, ಟಾಸ್ಕ್ ಮ್ಯಾನೇಜರಲ್ಲಿ ಆ ನಂಬರ್ ಯಾರದ್ದು ನೋಡಿ. ಇಲ್ಲಾ, ಇನಿಷಿಯಲೈಸ್ ಮಾಡು ಅಂದಿದೀರ ಆದ್ರೆ ಡೇಟಾ ಡೈರೆಕ್ಟರಿಯಲ್ಲಿ ಫೈಲುಗಳಿವೆ ಅಂತ ಇರ್ಬಹುದು. ಅದು ಬೈಗುಳ ಅಲ್ಲ, ನಿಮ್ಮ ಡೇಟಾ ಮೇಲೆ ಬರೀಬಾರ್ದು ಅಂತ ಅದೇ ಕೈ ಹಿಡಿದು ನಿಲ್ಲಿಸಿದೆ, ಥ್ಯಾಂಕ್ಸ್ ಹೇಳಿ. ಇಲ್ಲಾ ಅನ್‌ನೋನ್ ವೇರಿಯಬಲ್ ಅಂತ, ಅಂದ್ರೆ ಹಳೇ ಮೈ.ಐಎನ್ಐನಲ್ಲಿರೋ ಯಾವುದೋ ಸಾಲು ಹೊಸ ವರ್ಷನ್‌ಗೆ ಅರ್ಥ ಆಗ್ತಿಲ್ಲ. 5.7ರಿಂದ ಎತ್ಕೊಂಡು ಬಂದ ಕ್ವೆರಿ_ಕ್ಯಾಶ್_ಸೈಜ್ 8.0ಗೆ ಗೊತ್ತಿಲ್ಲ, 8.0ರ ಡಿಫಾಲ್ಟ್_ಅಥೆಂಟಿಕೇಶನ್_ಪ್ಲಗಿನ್ 8.4ಕ್ಕೆ ಗೊತ್ತಿಲ್ಲ. ಆ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿದ್ರೆ ಮುಗೀತು.

ಇನ್ನು ಪಾಸ್‌ವರ್ಡ್. ನೀವು ಇಷ್ಟೆಲ್ಲ ಮಾಡಿದ್ದು ಅದಕ್ಕೇ ಅಲ್ವಾ? ರೂಟ್ ಪಾಸ್‌ವರ್ಡ್ ಇರೋದೂ ಆ ಡೇಟಾ ಫೋಲ್ಡರ್ ಒಳಗೇ. ಪ್ರೋಗ್ರಾಂ ಹೊಸದಾದ್ರೆ ಪಾಸ್‌ವರ್ಡ್ ಹೊಸದಾಗಲ್ಲ, ಇನ್‌ಸ್ಟಾಲರ್ ಕರೆಂಟ್ ರೂಟ್ ಪಾಸ್‌ವರ್ಡ್ ಅಂತ ಕೇಳ್ದಾಗ ಅದು ಕೇಳ್ತಿರೋದು ನೀವು ಮರ್ತಿರೋದನ್ನೇ. ಅದಕ್ಕೆ ದಾರಿ ಬೇರೆ, ಸರ್ವಿಸ್ ನಿಲ್ಲಿಸಿ ಒಂದು ಟೆಕ್ಸ್ಟ್ ಫೈಲಲ್ಲಿ ಆಲ್ಟರ್ ಯೂಸರ್ ಅನ್ನೋ ಒಂದೇ ಒಂದು ಸಾಲು ಬರೆದು, ಮೈಎಸ್‌ಕ್ಯೂಎಲ್‌ಡಿಯನ್ನ ಇನಿಟ್-ಫೈಲ್ ಆಪ್ಷನ್ ಕೊಟ್ಟು ಒಂದ್ಸಲ ಓಡಿಸಿದ್ರೆ ಪಾಸ್‌ವರ್ಡ್ ಬದಲಾಗತ್ತೆ, ಆಮೇಲೆ ಆ ಫೈಲ್ ಅಳಿಸಿ. ಹತ್ತು ನಿಮಿಷದ ಕೆಲಸ ಇತ್ತು ಸ್ವಾಮಿ.

ಅದೇ ಓದುಗರು ಮತ್ತೆ ಬರೆದದ್ದು: ಸಾರ್ ನೀವು ಹೇಳ್ದಂಗೇ ಕಾಪಿ ಮಾಡಿಟ್ಟು ಲಾಗ್ ನೋಡಿದೆ. ಕೆನಾಟ್ ಬೂಟ್ ಸರ್ವರ್ ವರ್ಷನ್ 80028 ಆನ್ ಡೇಟಾ ಡೈರೆಕ್ಟರಿ ಬಿಲ್ಟ್ ಬೈ ವರ್ಷನ್ 80036 ಅಂತ ಇದೆ. ನಾನು ಹಾಕಿದ್ದು ಪೆನ್‌ಡ್ರೈವಲ್ಲಿದ್ದ ಹಳೇ ಇನ್‌ಸ್ಟಾಲರ್, ಎರಡೂ 8.0ನೇ ಅಲ್ವಾ?

ಉತ್ತರ: ಸಿಕ್ತಲ್ಲ! 80036 ಅಂದ್ರೆ 8.0.36, 80028 ಅಂದ್ರೆ 8.0.28. ನಿಮ್ಮ ಡೇಟಾ 36ರ ಕೈಯಲ್ಲಿ ಬರೆಸ್ಕೊಂಡಿದೆ, ಈಗ ನೀವು ಕೂರಿಸಿರೋದು 28ನ್ನ. ಮೈಎಸ್‌ಕ್ಯೂಎಲ್ 8.0ರಲ್ಲಿ ಕೊನೇ ಅಂಕಿಯಲ್ಲೂ ಹಿಂದಕ್ಕೆ ಹೋಗೋಕೆ ಬಿಡಲ್ಲ, ಮುಂದಕ್ಕೆ ಹೋಗ್ಬಹುದು. ಅದ್ರಲ್ಲೂ ನಡುವೆ 8.0.30ರಲ್ಲಿ ರೀಡೂ ಲಾಗ್ ಇಡೋ ರೀತಿನೇ ಬದಲಾಗಿದೆ, ಮೊದಲು ಎರಡು ಫೈಲ್ ಇರ್ತಿತ್ತು, ಈಗ ಅದಕ್ಕೇ ಅಂತ ಒಂದು ಫೋಲ್ಡರ್. 8.0.36 ಇಲ್ಲಾ ಅದಕ್ಕಿಂತ ಮುಂದಿನ 8.0 ಯಾವುದಾದ್ರೂ ಡೌನ್‌ಲೋಡ್ ಮಾಡಿ ಹಾಕಿ, ಡೇಟಾ ಫೋಲ್ಡರ್ ಮುಟ್ಟಬೇಡಿ, ಏಳ್ಬೇಕು. ಒಂದು ಮಾತು, ಹೊಸದೇ ಇರ್ಲಿ ಅಂತ 8.4 ಹಾಕಿದ್ರೆ ಅದು ಮೈಎಸ್‌ಕ್ಯೂಎಲ್ ಸರ್ವರ್ 8.4 ಅಂತ ತನ್ನದೇ ಬೇರೆ ಫೋಲ್ಡರ್ ಮಾಡ್ಕೊಂಡು ಖಾಲಿ ಡೇಟಾಬೇಸ್ ಜೊತೆ ಆರಾಮಾಗಿ ಎದ್ದು ಕೂತ್ಕೊಳತ್ತೆ, ಆಗ ನೀವು ನನ್ನ ಟೇಬಲ್ಲೆಲ್ಲ ಹೋಯ್ತು ಅಂತ ಇನ್ನೊಂದು ಪತ್ರ ಬರೀತೀರ. ಮೊದಲು 8.0ರಲ್ಲೇ ಎಬ್ಬಿಸಿ ಮೈಎಸ್‌ಕ್ಯೂಎಲ್‌ಡಂಪ್ ಕೊಟ್ಟು ಡೇಟಾದ ಬ್ಯಾಕಪ್ ಫೈಲ್ ತಗೊಳಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ.

ಪ್ರಶ್ನೆ: ಡೇಟಾ ಏನೂ ಬೇಕಿಲ್ಲ ನಂಗೆ, ಬರೀ ಕಲಿಯೋಕೆ ಹಾಕಿದ್ದು. ಫೋಲ್ಡರ್ ಎಲ್ಲಾ ಅಳಿಸಿ ಹಾಕಿದ್ರೂ ಸರ್ವಿಸ್ ಹೆಸರು ಹಂಗೇ ಉಳ್ಕೊಂಡಿದೆ, ಡಿಲೀಟ್ ಮಾಡಿದ್ರೆ ಮಾರ್ಕ್ಡ್ ಫಾರ್ ಡಿಲೀಶನ್ ಅಂತೆ, ಏನ್ ಮಾಡ್ಲಿ?

ಉತ್ತರ: ಸರ್ವಿಸಸ್ ಕಿಟಕಿ ತೆಗ್ದಿಟ್ಕೊಂಡೇ ಡಿಲೀಟ್ ಕೊಟ್ಟಿರ್ತೀರ. ಅದನ್ನ ಮುಚ್ಚಿ, ಟಾಸ್ಕ್ ಮ್ಯಾನೇಜರನ್ನೂ ಮುಚ್ಚಿ, ಅವು ಆ ಸರ್ವಿಸನ್ನ ಹಿಡ್ಕೊಂಡಿರೋದಕ್ಕೇ ಹೋಗ್ತಿಲ್ಲ. ಆಗ್ಲೂ ಹೋಗ್ಲಿಲ್ಲ ಅಂದ್ರೆ ರೀಸ್ಟಾರ್ಟ್ ಮಾಡಿ. ಹೊಸದು ಹಾಕಿದ್ಮೇಲೆ ಸರ್ವಿಸಿನ ಪ್ರಾಪರ್ಟೀಸಲ್ಲಿ ಪಾತ್ ಟು ಎಕ್ಸಿಕ್ಯೂಟಬಲ್ ಅನ್ನೋ ಸಾಲನ್ನ ಪೂರ್ತಿ ಓದಿ, ಅದು ಉದ್ದ ಇರೋದ್ರಿಂದ ಅರ್ಧ ಕಾಣಲ್ಲ, ಕರ್ಸರ್ ಇಟ್ಟು ಬಲಕ್ಕೆ ಜರುಗಿಸ್ಬೇಕು, ಅಲ್ಲಿ ಡಿಫಾಲ್ಟ್ಸ್-ಫೈಲ್ ಅಂತ ಹಳೇ ಮೈ.ಐಎನ್ಐ ಕಡೆ ಕೈ ತೋರಿಸ್ತಿದ್ರೆ ಮತ್ತೆ ಅದೇ ಗೋಳು. ಖಾಲಿ ಡೇಟಾ ಫೋಲ್ಡರಿದ್ರೆ ಸರ್ವಿಸ್ ತಾನಾಗೇ ಅದನ್ನ ತುಂಬ್ಕೊಳಲ್ಲ, ಮೈಎಸ್‌ಕ್ಯೂಎಲ್‌ಡಿ ಇನಿಷಿಯಲೈಸ್ ಅಂತ ಒಂದ್ಸಲ ಓಡಿಸ್ಲೇಬೇಕು. ಹಂಗೆ ಮಾಡ್ದಾಗ ರೂಟ್‌ಗೆ ತಾತ್ಕಾಲಿಕ ಪಾಸ್‌ವರ್ಡ್ ಒಂದನ್ನ ತಾನೇ ಮಾಡಿ ಎರರ್ ಲಾಗಲ್ಲಿ ಬರೆದಿಡತ್ತೆ, ಎರರ್ ಲಾಗಲ್ಲಿ ಪಾಸ್‌ವರ್ಡ್ ಇರತ್ತೆ ಅಂತ ಯಾರು ತಾನೇ ಊಹಿಸ್ತಾರೆ!

ಪ್ರಶ್ನೆ: ಮೈ.ಐಎನ್ಐನಲ್ಲಿ ಬರೀ ಪೋರ್ಟ್ ನಂಬರ್ ಬದಲಾಯಿಸಿ ಸೇವ್ ಮಾಡಿದೆ ಅಷ್ಟೇ. ಫೌಂಡ್ ಆಪ್ಷನ್ ವಿದೌಟ್ ಪ್ರಿಸೀಡಿಂಗ್ ಗ್ರೂಪ್, ಲೈನ್ 1 ಅಂತಿದೆ. ಒಂದನೇ ಲೈನಲ್ಲಿ ಇರೋದು ಕಾಮೆಂಟು!

ಉತ್ತರ: ನೀವು ನೋಡ್ತಿರೋ ಒಂದನೇ ಲೈನಲ್ಲಿ ಕಾಮೆಂಟ್ ಇದೆ, ಅದಕ್ಕೂ ಮುಂಚೆ ಕಣ್ಣಿಗೆ ಕಾಣದ ಮೂರು ಬೈಟ್ ಇದೆ. ಬಾಮ್ ಅಂತಾರೆ ಅದಕ್ಕೆ. ಹಳೇ ನೋಟ್‌ಪ್ಯಾಡಲ್ಲಿ ಯುಟಿಎಫ್-8 ಅಂತ ಸೇವ್ ಮಾಡಿದ್ರೆ ಅದನ್ನ ತಂದು ತಲೆಗೆ ಅಂಟಿಸ್ಬಿಡ್ತಿತ್ತು, ಈಗಿನದ್ದು ಬಾಮ್ ಜೊತೆ ಅಂತ ಬೇರೆ ಆಯ್ಕೆ ಕೊಡತ್ತೆ. ಸೇವ್ ಆ್ಯಸ್ ಕೊಟ್ಟು ಎನ್‌ಕೋಡಿಂಗಲ್ಲಿ ಆನ್ಸಿ ಆರಿಸಿ ಅದೇ ಹೆಸರಿಗೆ ಸೇವ್ ಮಾಡಿ. ಫೈಲ್ ಹೆಸರು ಮೈ.ಐಎನ್ಐ.ಟಿಎಕ್ಸ್‌ಟಿ ಆಗ್ಬಿಟ್ಟಿಲ್ಲ ತಾನೇ, ಅದನ್ನೂ ನೋಡ್ಕೊಳಿ.

ಪ್ರಶ್ನೆ: ಉಬುಂಟುನಲ್ಲಿ ಎಪಿಟಿ ರಿಮೂವ್ ಕೊಟ್ಟು ಮೈಎಸ್‌ಕ್ಯೂಎಲ್ ತೆಗ್ದೆ, ಪೂರ್ತಿ ಕ್ಲೀನ್ ಆಗ್ಲಿ ಅಂತ /ಇಟಿಸಿ/ಮೈಎಸ್‌ಕ್ಯೂಎಲ್ ಫೋಲ್ಡರನ್ನೂ ಆರ್‌ಎಂ ಕೊಟ್ಟು ಅಳಿಸಿದೆ, ಮತ್ತೆ ಇನ್‌ಸ್ಟಾಲ್ ಮಾಡಿದ್ರೆ ಆ ಫೋಲ್ಡರಿಗೆ ಕಾನ್ಫಿಗ್ ಫೈಲುಗಳೇ ವಾಪಸ್ ಬರ್ತಿಲ್ಲ, ಸರ್ವಿಸೂ ಏಳ್ತಿಲ್ಲ. ಡೇಟಾದ ಹಳೇ ಕಾಪಿ ಇದೆ.

ಉತ್ತರ: ಕ್ಲೀನ್ ಮಾಡೋಕೆ ಹೋಗಿ ಗಂಟು ಹಾಕ್ಕೊಂಡಿದೀರ. ರಿಮೂವ್ ಅಂದ್ರೆ ಪ್ರೋಗ್ರಾಂ ತೆಗಿ ಸೆಟ್ಟಿಂಗ್ ಇಟ್ಕೊ ಅಂತ, ಪರ್ಜ್ ಅಂದ್ರೆ ಸೆಟ್ಟಿಂಗನ್ನೂ ತೆಗಿ ಅಂತ. ನೀವು ರಿಮೂವ್ ಕೊಟ್ಟು ಸೆಟ್ಟಿಂಗನ್ನ ಕೈಯಾರೆ ಅಳಿಸಿದ್ರಿಂದ ಪ್ಯಾಕೇಜುಗಳನ್ನ ನೋಡ್ಕೊಳೋ ಡಿಪಿಕೆಜಿ ಏನಂದ್ಕೊಳತ್ತೆ ಅಂದ್ರೆ, ಯಜಮಾನ್ರು ಬೇಡ ಅಂತ ಬೇಕಂತಲೇ ತೆಗ್ದಿದಾರೆ, ಅವ್ರ ಇಷ್ಟಕ್ಕೆ ವಿರುದ್ಧ ನಾನ್ಯಾಕೆ ಮತ್ತೆ ತಂದಿಡ್ಲಿ ಅಂತ. ಮರ್ಯಾದೆ ಜಾಸ್ತಿ ಆಯ್ತು ಅಷ್ಟೇ. ಡೇಟಾ ಕಾಪಿ ಜೋಪಾನ ಮಾಡ್ಕೊಂಡು ಮೈಎಸ್‌ಕ್ಯೂಎಲ್ ಸರ್ವರ್ ಪ್ಯಾಕೇಜುಗಳನ್ನ, ಜೊತೆಗೆ ಮೈಎಸ್‌ಕ್ಯೂಎಲ್-ಕಾಮನ್ ಅನ್ನೂ ಪರ್ಜ್ ಮಾಡಿ ಮತ್ತೆ ಹಾಕಿ. ಕಾಮನ್ ಪರ್ಜ್ ಮಾಡ್ದಾಗ ಅದನ್ನ ನೆಚ್ಕೊಂಡಿರೋ ಬೇರೆ ಪ್ಯಾಕೇಜೂ ಹೋಗ್ತೀವಿ ಅಂತ ಪಟ್ಟಿ ತೋರಿಸತ್ತೆ, ವೈ ಒತ್ತೋ ಮುಂಚೆ ಆ ಪಟ್ಟಿ ಓದಿ. ಪರ್ಜ್ ಮಾಡ್ದಾಗ ಡೇಟಾಬೇಸುಗಳನ್ನೂ ಅಳಿಸ್ಲಾ ಅಂತ ಕೇಳ್ಬಹುದು, ಅದನ್ನೂ ನೋಡಿ ಉತ್ತರ ಕೊಡಿ.

ಆಮೇಲೆ ಹಳೇ ಡೇಟಾ ವಾಪಸ್ ಇಡೋವಾಗ ಒಂದು ಹಳ್ಳ ಇದೆ. ಸುಡೋ ಹಾಕಿ ಕಾಪಿ ಮಾಡ್ತೀರ, ಫೈಲುಗಳೆಲ್ಲ ರೂಟ್ ಹೆಸರಿಗೆ ಆಗ್ತವೆ, ಸರ್ವರ್ ಓಡೋದು ಮೈಎಸ್‌ಕ್ಯೂಎಲ್ ಅನ್ನೋ ಯೂಸರ್ ಹೆಸರಲ್ಲಿ, ತನ್ನ ಮನೆ ಬಾಗಿಲು ತಾನೇ ತೆಗೆಯೋಕಾಗದೆ ಪರ್ಮಿಶನ್ ಡಿನೈಡ್ ಅಂತ ಸಾಯತ್ತೆ. ಸರ್ವಿಸ್ ನಿಲ್ಲಿಸಿರುವಾಗಲೇ /ವಾರ್/ಲಿಬ್/ಮೈಎಸ್‌ಕ್ಯೂಎಲ್ ಪೂರ್ತಿಗೆ ಚೌನ್ ಕೊಟ್ಟು ಮೈಎಸ್‌ಕ್ಯೂಎಲ್ ಯೂಸರ್ ಮತ್ತೆ ಗ್ರೂಪಿಗೆ ವಹಿಸಿ. ಡೇಟಾವನ್ನ ಬೇರೆ ಡಿಸ್ಕಿಗೆ ಸಾಗಿಸಿ ಅಲ್ಲಿಂದ ಓಡಿಸ್ತಿದ್ರೆ ಚೌನ್ ಸರಿ ಇದ್ರೂ ಪರ್ಮಿಶನ್ ಡಿನೈಡೇ ಬರತ್ತೆ, ಆಗ ತಡೀತಿರೋದು ಆ್ಯಪ್‌ಆರ್ಮರ್ ಅನ್ನೋ ಉಬುಂಟುನ ಕಾವಲುಗಾರ, ಹೊಸ ದಾರಿನ ಅದರ ಪ್ರೊಫೈಲಲ್ಲಿ ಬರೀಬೇಕು. ಎಲ್ಲರಿಗೂ ಎಲ್ಲ ಅನುಮತಿ ಕೊಡೋ ಚ್ಮಾಡ್ 777 ಕೊಡಿ ಅಂತ ಯಾರಾದ್ರೂ ಹೇಳಿದ್ರೆ ನಗ್ತಾ ಮುಂದೆ ಹೋಗಿ. ಮುಂಚೆ ಮರಿಯಾಡಿಬಿ ಇತ್ತಾ? ಅದೂ ಅದೇ /ವಾರ್/ಲಿಬ್/ಮೈಎಸ್‌ಕ್ಯೂಎಲ್ ಫೋಲ್ಡರನ್ನೇ ಬಳಸತ್ತೆ. 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದದ್ದು ಅದು, ಒಂದರ ಹೆಸರು ಮೂಲ ಕರ್ತೃವಿನ ದೊಡ್ಡ ಮಗಳದ್ದು, ಇನ್ನೊಂದರದ್ದು ಚಿಕ್ಕ ಮಗಳದ್ದು, ಆದ್ರೂ ಈಗ ಅಕ್ಕ ತಂಗಿ ಒಬ್ರ ಡೇಟಾ ಒಬ್ರು ಓದಲ್ಲ. /ಇಟಿಸಿ/ಮೈಎಸ್‌ಕ್ಯೂಎಲ್ ಒಳಗೆ ಫ್ರೋಜನ್ ಅಂತ ಫೈಲೊಂದು ಕಂಡ್ರೆ ಉಬುಂಟುನೇ ಈ ಗೊಂದಲ ನೋಡಿ ಸರ್ವಿಸನ್ನ ಬೇಕಂತಲೇ ತಡೆದಿದೆ ಅಂತ ಅರ್ಥ, ಓದದೆ ಅಳಿಸ್ಬೇಡಿ.

ಪ್ರಶ್ನೆ: ಪೋಸ್ಟ್‌ಗ್ರೆಸ್ 14 ಇತ್ತು, ತೆಗ್ದು 16 ಹಾಕಿದೆ. ಡೆಬಿಯನ್‌ನಲ್ಲಿ ಸ್ಟೇಟಸ್ ಹಸಿರು ಬಣ್ಣದಲ್ಲಿ ಆ್ಯಕ್ಟಿವ್ ಅಂತಾನೇ ತೋರಿಸ್ತಿದೆ, ಕನೆಕ್ಟ್ ಮಾಡಿದ್ರೆ ಕನೆಕ್ಷನ್ ರೆಫ್ಯೂಸ್ಡ್!

ಉತ್ತರ: ಆ್ಯಕ್ಟಿವ್ ಪಕ್ಕದಲ್ಲಿ ಬ್ರ್ಯಾಕೆಟ್ ಒಳಗೆ ಎಕ್ಸಿಟೆಡ್ ಅಂತ ಇದೆ ನೋಡಿ, ಆ ಹಸಿರು ನಂಬಿ ಮೋಸ ಹೋದೋರು ತುಂಬಾ ಜನ. ಡೆಬಿಯನ್ ಉಬುಂಟುಗಳಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನೋ ಸರ್ವಿಸ್ ಬರೀ ಮೇಸ್ತ್ರಿ, ಕೆಲಸ ಮಾಡೋದು ಒಂದೊಂದು ಕ್ಲಸ್ಟರಿಗೆ, ಅಂದ್ರೆ ಒಂದು ವರ್ಷನ್ನಿನ ಡೇಟಾ ಸೆಟ್ಟಿಂಗುಗಳ ಗುಂಪಿಗೆ, ಇರೋ ಬೇರೆ ಸರ್ವಿಸು. ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಅಂತ ಒತ್ತಿ, ಯಾವ ವರ್ಷನ್, ಯಾವ ಪೋರ್ಟ್, ಎದ್ದಿದೆಯಾ ಮಲಗಿದೆಯಾ ಎಲ್ಲ ಒಂದೇ ಸಾಲಲ್ಲಿ ಬರತ್ತೆ. 14ರ ಕ್ಲಸ್ಟರಿಗೆ 5432 ಬರೆದಿದ್ದು ಹಂಗೇ ಉಳಿದಿದ್ರೆ 16 ತನಗೆ 5433 ತಗೊಂಡು ಆರಾಮಾಗಿ ಓಡ್ತಿರತ್ತೆ, ನೀವು ಖಾಲಿ ಬಾಗಿಲು ಬಡೀತಿರ್ತೀರ. 14ರ ಡೇಟಾ ಫೋಲ್ಡರನ್ನ 16ಕ್ಕೆ ನೇರ ಕೊಡೋಕೆ ಹೋಗ್ಬೇಡಿ, ಒಳಗೆ ಪಿಜಿ_ವರ್ಷನ್ ಅಂತ ಪುಟ್ಟ ಫೈಲಲ್ಲಿ 14 ಅಂತ ಬರೆದಿರತ್ತೆ, ಅದು ನೋಡಿ ಒಳಗೇ ಬಿಡಲ್ಲ. ಆ ಅಂಕಿನ 16 ಅಂತ ತಿದ್ದಿದೋರನ್ನೂ ನಾನು ನೋಡಿದೀನಿ, ದಯವಿಟ್ಟು ಬೇಡ. ಪಿಜಿ_ಅಪ್‌ಗ್ರೇಡ್ ಇದೆ, ಅದಕ್ಕೆ ಹಳೇದು ಹೊಸದು ಎರಡೂ ಪ್ರೋಗ್ರಾಂ ಬೇಕು, ಅಂದ್ರೆ ತೆಗ್ದಿರೋ 14ನ್ನ ವಾಪಸ್ ಹಾಕ್ಬೇಕು.

ಪ್ರಶ್ನೆ: ಹೊಸ ವಿಂಡೋಸ್ 11 ಲ್ಯಾಪ್‌ಟಾಪು, ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ನಾಲ್ಕು ಸಲ ಹಾಕಿದೆ, ಪ್ರತೀ ಸಲ ಡೇಟಾಬೇಸ್ ಇಂಜಿನ್ ರಿಕವರಿ ಹ್ಯಾಂಡಲ್ ಫೇಲ್ಡ್ ಅಂತ ನಿಲ್ಲತ್ತೆ. ಹಳೇದರ ಕಸ ಏನೂ ಇಲ್ಲ ಇದ್ರಲ್ಲಿ.

ಉತ್ತರ: ನಿಮ್ದು ಬೇರೆ ಕೇಸು. ಆ ಮೆಸೇಜ್ ಬರೋಕೆ ಕಾರಣ ಒಂದೇ ಅಲ್ಲ, ಆದ್ರೆ ಎನ್‌ವಿಎಂಇ ಅನ್ನೋ ಹೊಸ ಥರದ ವೇಗದ ಡಿಸ್ಕ್ ಇರೋ ವಿಂಡೋಸ್ 11ನಲ್ಲಿ ಮೊದಲು ಅನುಮಾನ ಪಡ್ಬೇಕಾದ್ದು ಡಿಸ್ಕಿನ ಸೆಕ್ಟರ್ ಸೈಜ್, ಅಂದ್ರೆ ಡಿಸ್ಕ್ ಒಂದ್ಸಲಕ್ಕೆ ಬರೆಯೋ ತುಂಡಿನ ಅಳತೆ ಮೇಲೆ. ಎಸ್‌ಕ್ಯೂಎಲ್ ಸರ್ವರಿಗೆ ಗೊತ್ತಿರೋದು 512 ಮತ್ತೆ 4096 ಬೈಟಿನ ಸೆಕ್ಟರ್ ಮಾತ್ರ, ಕೆಲವು ಡಿಸ್ಕುಗಳು ಅದಕ್ಕಿಂತ ದೊಡ್ಡದು ಹೇಳ್ತವೆ, ವಿಂಡೋಸ್ 11 ಅದನ್ನ ಹಂಗೇ ದಾಟಿಸತ್ತೆ. ಅಡ್ಮಿನ್ ಪ್ರಾಂಪ್ಟಲ್ಲಿ ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೋ ಸೆಕ್ಟರ್‌ಇನ್ಫೋ ಅಂತ ಸಿ ಡ್ರೈವಿಗೆ ಕೇಳಿ, ಫಿಸಿಕಲ್ ಅಂತ ಇರೋ ಸಾಲುಗಳಲ್ಲಿ 8192, 16384 ಥರ ಏನಾದ್ರೂ ಕಂಡ್ರೆ ಕಳ್ಳ ಸಿಕ್ಕ. ಮೈಕ್ರೋಸಾಫ್ಟಿನವರೇ ಇದಕ್ಕೆ ರಿಜಿಸ್ಟ್ರಿ ಮದ್ದು ಕೊಟ್ಟಿದಾರೆ, ಸ್ಟಾರ್‌ಎನ್‌ವಿಎಂಇ ಸರ್ವಿಸಿನ ಪ್ಯಾರಾಮೀಟರ್ಸ್ ಒಳಗೆ ಡಿವೈಸ್ ಕೀಯಲ್ಲಿ ಫೋರ್ಸ್ಡ್‌ಫಿಸಿಕಲ್‌ಸೆಕ್ಟರ್‌ಸೈಜ್‌ಇನ್‌ಬೈಟ್ಸ್ ಅನ್ನೋ ಮಲ್ಟಿ ಸ್ಟ್ರಿಂಗ್ ಮಾಡಿ ನಕ್ಷತ್ರ, ಒಂದು ಸ್ಪೇಸ್, 4095 ಅಂತ ಬರೀಬೇಕು. 4096 ಅಲ್ಲ, 4095. ರಿಜಿಸ್ಟ್ರಿಯನ್ನ ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಕೊಳಿ, ರೀಸ್ಟಾರ್ಟ್ ಮಾಡಿ, ಅರ್ಧಂಬರ್ಧ ಕೂತಿರೋದನ್ನ ತೆಗ್ದು ಐದನೇ ಸಲ ಹಾಕಿ. ಇಲ್ಲಿ ಮಾತ್ರ ಮತ್ತೆ ಹಾಕಿ ಅಂತ ನಾನೇ ಹೇಳ್ತಿದೀನಿ.

ಪ್ರಶ್ನೆ: ಇನ್ನೋಡಿಬಿ_ಫೋರ್ಸ್_ರಿಕವರಿ 6 ಹಾಕಿದ್ರೆ ಸತ್ತ ಮೈಎಸ್‌ಕ್ಯೂಎಲ್ಲೂ ಏಳತ್ತೆ ಅಂದ್ರು ಫ್ರೆಂಡು. ಹಾಕ್ಲಾ?

ಉತ್ತರ: ಏಳ್ಬಹುದು, ಎದ್ದು ಡೇಟಾನ ಶಾಶ್ವತವಾಗಿ ಕೆಡಿಸಿ ಮಲಗ್ಬಹುದು. ಅದು 1ರಿಂದ 6ರ ತನಕ ಇದೆ, 4 ಮತ್ತೆ ಅದಕ್ಕಿಂತ ಮೇಲಿನದ್ದೆಲ್ಲ ಅಪಾಯ ಅಂತ ಅವರ ಮ್ಯಾನುಯಲ್ಲೇ ಹೇಳತ್ತೆ. ಅದೂ ಲಾಗಲ್ಲಿ ಪೇಜ್ ಕರಪ್ಶನ್ ಅಂತ ಇದ್ರೆ ಮಾತ್ರ ಬಳಸೋದು, ಪೋರ್ಟ್ ಗಲಾಟೆಗೂ ಪರ್ಮಿಶನ್ ಗಲಾಟೆಗೂ ಇದು ಮದ್ದಲ್ಲ. ಡೇಟಾ ಫೋಲ್ಡರ್ ಕಾಪಿ ಇಟ್ಕೊಂಡು 1ರಿಂದ ಶುರು ಮಾಡಿ, ಏಳ್ಲಿಲ್ಲ ಅಂದ್ರೆ 2, ಆಮೇಲೆ 3, ಎಲ್ಲಿ ಏಳತ್ತೋ ಅಲ್ಲೇ ನಿಲ್ಸಿ ಡಂಪ್ ತಗೊಳಿ. ಡಂಪನ್ನ ಹೊಸದಾಗಿ ಇನಿಷಿಯಲೈಸ್ ಮಾಡಿದ ಸರ್ವರಿಗೆ ಹಾಕೋ ಮುಂಚೆ ಕಾನ್ಫಿಗಿಂದ ಆ ಸಾಲನ್ನ ತೆಗೀರಿ, ಅದು 0ಗಿಂತ ಮೇಲಿದ್ರೆ ಇನ್‌ಸರ್ಟ್, ಅಪ್‌ಡೇಟ್ ಯಾವುದಕ್ಕೂ ಇನ್ನೋಡಿಬಿ, ಅಂದ್ರೆ ಮೈಎಸ್‌ಕ್ಯೂಎಲ್ ಒಳಗೆ ಟೇಬಲ್ ನೋಡ್ಕೊಳೋ ಇಂಜಿನ್, ಒಪ್ಪಲ್ಲ. ಹೋದ ತಿಂಗಳು ಒಬ್ರು ಇದನ್ನ ಮರ್ತು, ಸರ್ವರ್ ಎದ್ದಿದೆ ಆದ್ರೆ ಒಂದು ರೋ ಕೂಡ ಸೇರಿಸೋಕಾಗ್ತಿಲ್ಲ, ಮತ್ತೆ ರೀಇನ್‌ಸ್ಟಾಲ್ ಮಾಡ್ಲಾ ಅಂತ ಕೇಳಿದ್ರು.